ಡೈ ಲೇಸರಿಗೆ ಚಿಲ್ಲರ್ ಹಾಕಿದರೂ ಕಿರಣ ಕೆಡುವುದೇಕೆ?

ಪ್ರಶ್ನೆ: ಎಥನಾಲ್‌ನಲ್ಲಿ ಕರಗಿಸಿದ ರೋಡಮಿನ್ 6ಜಿ ಎಂಬ ಡೈಯನ್ನು (ಲೇಸರ್ ಕಿರಣ ಹೊರಡಿಸುವ ಬಣ್ಣ) 532 ನ್ಯಾನೊಮೀಟರ್ ಹಸಿರು ಲೇಸರಿನಿಂದ ಪಕ್ಕದಿಂದ ಪಂಪ್ ಮಾಡುತ್ತಿದ್ದೇವೆ, ಅಂದರೆ ಬೆಳಕು ಹಾಯಿಸಿ ಶಕ್ತಿ ತುಂಬುತ್ತಿದ್ದೇವೆ. ಸೆಕೆಂಡಿಗೆ 10 ಪಲ್ಸ್ ಇದ್ದರೆ ಕಿರಣ ಚೆನ್ನಾಗಿರುತ್ತದೆ, 1,000ಕ್ಕೆ ಏರಿಸಿದರೆ ಹರಡಿ ಮಂಕಾಗುತ್ತದೆ. ದ್ರಾವಣದ ಟ್ಯಾಂಕಿಗೆ ಚಿಲ್ಲರ್ (ತಣಿಸುವ ಯಂತ್ರ) ಹಾಕಿದರೂ ಸರಿಹೋಗಿಲ್ಲ. ಏನು ಮಾಡಬೇಕು?

ಉತ್ತರ: ಚಿಲ್ಲರ್ ತಣಿಸುವುದು ಟ್ಯಾಂಕನ್ನು. ತೊಂದರೆ ಇರುವುದು ಸೆಲ್ಲಿನ (ದ್ರಾವಣ ಹರಿದುಹೋಗುವ, ಪಂಪ್ ಬೆಳಕು ಬೀಳುವ ಕೋಶ) ಗಾಜಿಗೆ ಅಂಟಿಕೊಂಡ ಸಣ್ಣ ಎಳೆಯಷ್ಟು ದ್ರಾವಣದಲ್ಲಿ.

ಪಲ್ಸಿಗೆ 1 ಮಿಲಿಜೌಲ್, ಪಂಪ್ ಆಗುವ ಎಳೆ 15 ಮಿ.ಮೀ. ಉದ್ದ, 0.3 ಮಿ.ಮೀ. ಅಗಲ, ಅಷ್ಟೇ ಆಳ ಎಂದುಕೊಳ್ಳಿ. ಹತ್ತರಲ್ಲೊಂದು ಪಾಲು ಬಿಸಿಯಾಗಿ ಉಳಿದರೂ ಆ ಎಳೆ ಏರುವುದು ಬರೀ 0.04 ಡಿಗ್ರಿ. ಆದರೆ ಎಥನಾಲ್‌ನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಡಿಗ್ರಿಗೆ ಸುಮಾರು 0.0004ರಷ್ಟು ಇಳಿಯುತ್ತದೆ. 15 ಮಿ.ಮೀ. ದಾಟುವಷ್ಟರಲ್ಲಿ ಅದು ಬೆಳಕಿನ ದಾರಿಯಲ್ಲಿ 0.23 ಮೈಕ್ರಾನ್ ವ್ಯತ್ಯಾಸವಾಗುತ್ತದೆ, ಅಂದರೆ ತರಂಗಾಂತರದ ಐದರಲ್ಲಿ ಎರಡು ಪಾಲು. ಕಿರಣ ಕೆಡಲು ಅಷ್ಟು ಸಾಕು. ದ್ರಾವಣ ಹಿಗ್ಗಲು ನೂರಾರು ನ್ಯಾನೊಸೆಕೆಂಡ್ ಬೇಕು, ಪಲ್ಸ್ ಅಷ್ಟರಲ್ಲಿ ಮುಗಿದಿರುತ್ತದೆ. ಹಾಗಾಗಿ ಒಂದು ಪಲ್ಸಿನ ಬಿಸಿ ಕೆಡಿಸುವುದು ಮುಂದಿನ ಪಲ್ಸನ್ನು. ಆ ಬಿಸಿ ತಾನಾಗಿ ಹರಡಿಹೋಗಲು 60 ಮಿಲಿಸೆಕೆಂಡ್ ಹಿಡಿಯುತ್ತದೆ. 10 ಹರ್ಟ್ಸ್‌ನಲ್ಲಿ ಆ ಬಿಡುವು ಸಿಗುತ್ತದೆ, 1,000 ಹರ್ಟ್ಸ್‌ನಲ್ಲಿ ಸಿಗುವುದು 1 ಮಿಲಿಸೆಕೆಂಡ್ ಮಾತ್ರ.

ಆದ್ದರಿಂದ ಮೊದಲು ಹರಿವನ್ನು ನೋಡಿ. 0.3 ಮಿ.ಮೀ. ಎಳೆ 1 ಮಿಲಿಸೆಕೆಂಡಿನಲ್ಲಿ ಸರಿಯಲು ಸೆಕೆಂಡಿಗೆ 0.3 ಮೀಟರ್ ವೇಗ ಬೇಕು. ಕಾಗದದ ಮೇಲೆ ಇಷ್ಟು ಸಾಕು, ಸೆಲ್ಲಿನಲ್ಲಿ ಸಾಲದು: ಡೈ ಬೆಳಕನ್ನು ಹೀರುವುದು ಗಾಜಿನ ಬೆನ್ನಿಗೇ, ದ್ರಾವಣ ಅತಿ ನಿಧಾನವಾಗಿ ಸಾಗುವುದೂ ಅಲ್ಲೇ. ಸರಾಸರಿ ವೇಗವನ್ನು ಮೂರು ಪಟ್ಟಿಗೆ, ಸೆಕೆಂಡಿಗೆ 1 ಮೀಟರಿಗೆ ಏರಿಸಿ. 1 ಮಿ.ಮೀ. ಸಂದು, 15 ಮಿ.ಮೀ. ಉದ್ದದ ಸೆಲ್ಲಿಗೆ ಇದು ನಿಮಿಷಕ್ಕೆ 0.9 ಲೀಟರ್. ಹರಿವು ಲೇಸರ್ ಅಕ್ಷಕ್ಕೂ ಪಂಪ್ ಕಿರಣಕ್ಕೂ ಅಡ್ಡವಾಗಿರಲಿ. ಡೈಯನ್ನು ಸ್ವಲ್ಪ ತೆಳುವಾಗಿಸಿದರೆ ಬೆಳಕು ಒಳಕ್ಕಿಳಿದು ಬಿಸಿ ಗಾಜಿನಿಂದ ದೂರವಾಗುತ್ತದೆ. ದ್ರಾವಣ ಹರಿಸುವ ಪಂಪಿನ ಜಾಯಿಂಟಿನಿಂದ ಗಾಳಿ ಎಳೆದರೆ ಗುಳ್ಳೆ ಬಂದು ಕಿರಣ ಮಿನುಗುತ್ತದೆ. ಅದನ್ನು ಬಿಸಿಯ ಲಕ್ಷಣವೆಂದು ತಿಳಿಯಬೇಡಿ.

ನೀರಿಗೆ ಬದಲಾಯಿಸಿದರೆ ಇದೇ ಬಿಸಿಯ ಪರಿಣಾಮ ಎಂಟು-ಒಂಬತ್ತು ಪಟ್ಟು ಕಮ್ಮಿ. ಆದರೆ ನೀರಿನಲ್ಲಿ ರೋಡಮಿನ್ ಅಣುಗಳು ಜೋಡಿಗೂಡಿ ಬೆಳಕು ಸಾಯುತ್ತದೆ, ಮಾರ್ಜಕ ಬೆರೆಸಲೇಬೇಕು. 1970ರಲ್ಲಿ ಮೊದಲ ನಿರಂತರ ಡೈ ಲೇಸರ್ ಓಡಿಸಿದ ಕೊಡಾಕ್ ತಂಡ ಬಳಸಿದ್ದೂ ನೀರು ಮತ್ತು ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕ.

ಚಿಲ್ಲರನ್ನು ತೆಗೆಯಬೇಡಿ. ಸೆಲ್ಲಿನ ಮೈ ಮತ್ತು ದ್ರಾವಣ ಒಂದೇ ಉಷ್ಣತೆಯಲ್ಲಿರುವಂತೆ ಹೊಂದಿಸಿ, ನಿಧಾನವಾಗಿ ಜಾರುವ ಶಕ್ತಿಯನ್ನು ಅದು ತಡೆಯುತ್ತದೆ. ಅರ್ಧ ಗಂಟೆ ನಿಲ್ಲಿಸಿ ತಣಿಸಿದ ಮೇಲೂ ಶಕ್ತಿ ಮರಳದಿದ್ದರೆ ಬಹುಪಾಲು ಡೈ ಸವೆದಿದೆ, ದ್ರಾವಣ ಬದಲಿಸಿ.