ಮಗಳು ದಿನಾ ಅದೇ ಪುಸ್ತಕ ಓದು ಅಂತಾಳೆ, ಬೇರೇದು ಮುಟ್ಟಲ್ಲ. ಏನ್ ಮಾಡ್ಲಿ?

ಈ ಪ್ರಶ್ನೆ ನಂಗೆ ತುಂಬಾ ಜನ ಅಮ್ಮಂದಿರು ಕೇಳಿದಾರೆ, ಒಂದೆರಡು ಸಲ ಅಪ್ಪಂದಿರೂ ಕೇಳಿದಾರೆ. ಮಗೂಗೆ ಮೂರು ವರ್ಷ, ಮನೇಲಿ ಹತ್ತು ಹದಿನೈದು ಪುಸ್ತಕ ಇದೆ, ಆದ್ರೆ ರಾತ್ರಿ ಮಲಗೋ ಹೊತ್ತಿಗೆ ಎತ್ಕೊಂಡ್ ಬರೋದು ಮಾತ್ರ ಅದೊಂದನ್ನೇ, ಬೇರೇದು ತೆಗೆದ್ರೆ ಅಳು, ಹಿಂಗಾದ್ರೆ ಹೊಸದು ಕಲಿಯೋದು ಯಾವಾಗ ಅಂತ.

ಅದನ್ನೇ ಓದಿ. ಅವಳು ಸಾಕು ಅನ್ನೋವರೆಗೂ ಓದಿ. ಬೇಜಾರಾಗ್ತಿರೋದು ನಮಗೆ, ಅವಳಿಗಲ್ಲ.

2011ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಯೂನಿವರ್ಸಿಟಿಯವರು ಮೂರು ವರ್ಷದ ಮಕ್ಕಳಿಗೆ ಕಥೆ ಓದಿ ಇದನ್ನೇ ನೋಡಿದ್ರು. ಕೆಲವು ಮಕ್ಕಳಿಗೆ ಅದೇ ಕಥೆ ಮತ್ತೆ ಮತ್ತೆ, ಇನ್ನು ಕೆಲವರಿಗೆ ಬೇರೆ ಬೇರೆ ಕಥೆ, ಆದ್ರೆ ಹೊಸ ಪದಗಳು ಮಾತ್ರ ಇಬ್ಬರ ಕಿವಿಗೂ ಅಷ್ಟಷ್ಟೇ ಸಲ ಬೀಳೋ ಹಾಗೆ ಮಾಡಿದ್ರು. ಅದೇ ಕಥೆ ಕೇಳಿದ ಮಕ್ಕಳೇ ಆ ಪದಗಳನ್ನ ಚೆನ್ನಾಗಿ ಕಲ್ತಿದ್ರು. ಯೋಚನೆ ಮಾಡಿದ್ರೆ ಸರಿ ಅನ್ಸುತ್ತೆ. ಮೊದಲನೇ ಸಲ ಮಗೂಗೆ ಯಾರು ಬಂದ್ರು, ಏನಾಯ್ತು ಅನ್ನೋದೇ ದೊಡ್ಡ ಕೆಲಸ. ಕಥೆ ಗೊತ್ತಾದ್ಮೇಲೇನೇ ಪದದ ಕಡೆ, ಚಿತ್ರದ ಮೂಲೇಲಿರೋ ಇರುವೆ ಕಡೆ ಗಮನ ಹೋಗೋದು.

ನಮ್ಮ ಅಜ್ಜಿಯರು ಹೇಳ್ತಿದ್ದ ಕಾಗಕ್ಕ ಗುಬ್ಬಕ್ಕನ ಕಥೆ ನೆನಪು ಮಾಡ್ಕೊಳ್ಳಿ. ಮಳೆಗೆ ಸಗಣಿ ಮನೆ ಕೊಚ್ಕೊಂಡು ಹೋಗಿ ಕಾಗಕ್ಕ ಬಂದು ಬಾಗಿಲು ತೆಗಿ ಅಂತಾಳೆ, ಗುಬ್ಬಕ್ಕ ತಡಿ ಮಗೂಗೆ ನೀರು ಹಾಕ್ತಿದೀನಿ ಅಂತಾಳೆ, ಮತ್ತೆ ಬಾಗಿಲು ತೆಗಿ, ತಡಿ ಮಗೂಗೆ ಬಟ್ಟೆ ಹಾಕ್ತಿದೀನಿ. ಕಥೆ ಒಳಗೇ ಅದೇ ಮಾತು ಎಷ್ಟು ಸಲ, ಅದರ ಮೇಲೆ ಆ ಕಥೇನೇ ದಿನಾ ಬೇಕಿತ್ತು ನಮಗೆ. ಯಾರೂ ಅಜ್ಜೀನ ಹೊಸ ಕಥೆ ಹೇಳು ಅಂತ ಪೀಡಿಸ್ತಿರ್ಲಿಲ್ಲ, ಆ ‘ತಡಿ’ ಬರೋಕೇ ಕಾಯ್ತಿದ್ವಿ.

ನನ್ನ ಮಗನಿಗೆ ಒಂದು ಆನೆಮರಿ ಪುಸ್ತಕ ಇತ್ತು. ಒಂದಿನ ಪಾತ್ರೆ ಎಲ್ಲ ತೊಳೆದು ಸುಸ್ತಾಗಿ ಕೂತಿದ್ದೆ, ಬೇಗ ಮುಗೀಲಿ ಅಂತ ಎರಡು ಪುಟ ಒಟ್ಟಿಗೆ ತಿರುವಿಬಿಟ್ಟೆ. ಅವನು ನನ್ನ ಕೈ ಹಿಡಿದು ಪುಟ ವಾಪಸ್ ಹಾಕಿ, ‘ಅಮ್ಮಾ, ಧೊಪ್ಪನೆ ಬೀಳ್ಲೇ ಇಲ್ಲ’ ಅಂದ. ಆನೆಮರಿ ಕೆಸರಲ್ಲಿ ಬೀಳೋ ಪುಟ ಅದು. ಅಲ್ಲಿಂದ ಮುಂದೆ ಆ ಜಾಗ ಬಂದಾಗ ನಾನು ಸುಮ್ಮನಾಗ್ತಿದ್ದೆ, ‘ಧೊಪ್’ ಅವನೇ ಹೇಳ್ತಿದ್ದ, ಆಮೇಲಾಮೇಲೆ ಪೂರ್ತಿ ವಾಕ್ಯಾನೇ ಹೇಳೋಕೆ ಶುರು ಮಾಡಿದ. ನೀವೂ ಹೀಗೆ ಜಾಗ ಬಿಟ್ಟು ನೋಡಿ. ಆದ್ರೆ ಇದ್ಯಾವ ಕಲರ್, ಎಷ್ಟು ಹಕ್ಕಿ ಇದೆ ಎಣಿಸು ಅಂತ ಪುಟಪುಟಕ್ಕೂ ಪರೀಕ್ಷೆ ಮಾಡ್ಬೇಡಿ ಪ್ಲೀಸ್, ಮಡಿಲಲ್ಲಿ ಕೂತಿರೋ ಮಗು ಅದು.

ಕನ್ನಡದ ಮಕ್ಕಳಿಗೆ ಇನ್ನೊಂದು ವಿಷಯ ಇದೆ, ಇದನ್ನ ನಾನು ತುಂಬಾ ಮುಖ್ಯ ಅನ್ಕೊಂಡಿದೀನಿ. ನಾವು ಮನೇಲಿ ಹೋಯ್ತು, ಆಮೇಲೆ, ಅವನ್ಗೆ ಅಂತೀವಿ, ಪುಸ್ತಕದಲ್ಲಿ ಹೋಯಿತು, ಬಳಿಕ, ಅವನಿಗೆ ಅಂತ ಇರುತ್ತೆ. ಮಗೂಗೆ ಅದು ಅರ್ಧ ಬೇರೆ ಭಾಷೆ ಇದ್ದ ಹಾಗೆ. ಮೊದಲೆರಡು ಸಲ ಮನೆ ಮಾತಲ್ಲೇ ಕಥೆ ಹೇಳಿ, ಆಮೇಲೆ ಪುಸ್ತಕದಲ್ಲಿ ಇರೋ ಹಾಗೇ ಓದಿ. ಕಥೆ ಗೊತ್ತಿರೋದ್ರಿಂದ ಆ ಕನ್ನಡ ತಾನಾಗೇ ಒಳಗೆ ಹೋಗುತ್ತೆ. ನಮ್ಮನೇಲಿ ಯಾರೂ ‘ಬಳಿಕ’ ಅನ್ನೋರಿಲ್ಲ, ಒಂದು ಮಧ್ಯಾಹ್ನ ಇವನು ತಟ್ಟೆ ಮುಂದೆ ಕೂತು ‘ಹಪ್ಪಳ ತಿಂದ ಬಳಿಕ ಅನ್ನ ತಿಂತೀನಿ’ ಅಂದ, ನಾನು ಸೌಟು ಹಿಡ್ಕೊಂಡು ಹಾಗೇ ನಿಂತೆ. ದಿನಾ ಬೇರೆ ಬೇರೆ ಪುಸ್ತಕ ಓದಿದ್ರೆ ಅಷ್ಟು ಬೇಗ ಆ ಪದ ಅವನದಾಗ್ತಿರ್ಲಿಲ್ಲ ಅಂತ ನನ್ನ ನಂಬಿಕೆ.

ಹೊಸ ಪುಸ್ತಕ ತರೋದೇ ಬೇಡ ಅಂತಲ್ಲ. ಒಂದು ಅವಳದು, ಒಂದು ನಂದು ಅಂತ ಮಾಡ್ಕೊಳ್ಳಿ, ಅವಳದು ಮೊದಲು, ನಿಮ್ಮದು ಚಿಕ್ಕದಿರ್ಲಿ. ಬೇಡ ಅಂದ್ರೆ ಒತ್ತಾಯ ಮಾಡದೆ ದಿಂಬಿನ ಪಕ್ಕ ಇಟ್ಟುಬಿಡಿ. ದುಡ್ಡು ಹಾಕೋಕೆ ಮುಂಚೆ ನೋಡ್ಬೇಕು ಅಂದ್ರೆ ಬೆಂಗಳೂರಿನ ಪ್ರಥಮ್ ಬುಕ್ಸ್ ಅವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ಇದೆ, 2015ರಿಂದ ನಡೀತಿದೆ, ಕನ್ನಡ ಕಥೆಗಳು ಫ್ರೀಯಾಗಿ ಸಿಗುತ್ತೆ, ತೀರಾ ಚಿಕ್ಕೋರಿಗೆ ಲೆವೆಲ್ ಒಂದರದ್ದು ತಗೊಳ್ಳಿ. ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಿಸ್ಕೊಂಡ್ರೆ ಇನ್ನೂ ಒಳ್ಳೇದು, ಮೊಬೈಲ್ ಕೈಗೆ ಬಂದ್ರೆ ಆಮೇಲೆ ಕಥೆ ಉಳಿಯಲ್ಲ. ತೂಲಿಕಾ ಅನ್ನೋ ಪ್ರಕಾಶನದವರ ಕನ್ನಡ-ಇಂಗ್ಲಿಷ್ ಎರಡೂ ಇರೋ ಪುಸ್ತಕಗಳೂ ಇವೆ, ಮನೇಲಿ ಎರಡು ಭಾಷೆ ನಡೆಯೋರಿಗೆ ಅನುಕೂಲ.

ಒಂದು ಮಾತು ಮಾತ್ರ ಗಮನದಲ್ಲಿರ್ಲಿ. ಅದೇ ಪುಸ್ತಕ ಬೇಕು ಅನ್ನೋದರಲ್ಲಿ ಚಿಂತೆ ಮಾಡೋದೇನಿಲ್ಲ, ಆದ್ರೆ ಎರಡು ವರ್ಷ ದಾಟಿದ್ರೂ ಎರಡು ಪದ ಕೂಡಿಸಿ ಮಾತಾಡ್ತಿಲ್ಲ, ಹೆಸರು ಕರೆದ್ರೂ ತಿರುಗಲ್ಲ ಅಂದ್ರೆ ಮಕ್ಕಳ ಡಾಕ್ಟರ್ ಹತ್ರ ಒಂದ್ಸಲ ಕೇಳಿ.

ಮತ್ತೆ, ಪುಸ್ತಕ ಹರಿದೋಯ್ತು ಅಂತ ಬೈಬೇಡಿ. ಸೆಲ್ಲೋಟೇಪ್ ಹಚ್ಚೋವಾಗ ಅವಳನ್ನೂ ಕೂರಿಸ್ಕೊಳ್ಳಿ, ಒಂದು ತುದಿ ಅವಳು ಹಿಡ್ಕೊಳ್ಲಿ. ನಮ್ಮನೆ ಆನೆಮರಿಗೆ ಈಗ ರಟ್ಟೇ ಇಲ್ಲ, ಇನ್ನೂ ಶೆಲ್ಫಲ್ಲೇ ಇದೆ.