ಓದುಗರ ಪ್ರಶ್ನೆ: ಯುದ್ಧ ಬೇಡವೆಂದ ದೇಶದ ಬಂದರಿನಲ್ಲಿ ಹಡಗು ಸುಟ್ಟಿದ್ದು ಹೇಗೆ?

"ನಮಸ್ಕಾರ ರೀ. ನಾವು ಬಾಗಲಕೋಟಿ ಕಡೆಯವರು, ವಾಸ್ಕೋದ ಮಂಗೋರ್ ಹಿಲ್‌ನ್ಯಾಗ ಇರ್ತೀವಿ. ಎರಡನೇ ಮಹಾಯುದ್ಧದಾಗ ಪೋರ್ಚುಗಲ್ ಯಾರ ಕಡೀನೂ ಇರಲಿಲ್ಲ ಅಂತಾರ. ಗೋವಾ ಆಗ ಅವರದ ಇತ್ತು. ಮತ್ತ ನಮ್ಮ ಮರ್ಮಗೋವಾ ಬಂದರದಾಗ ಜರ್ಮನ್ ಹಡಗ ಹೆಂಗ ಸುಟ್ಟವು? ಯುದ್ಧ ಬ್ಯಾಡ ಅಂದವರು ಹೆಂಗ ಸಿಕ್ಕೊಂಡು ಬೀಳ್ತಾರ?"

ವಾಸ್ಕೋದ ಕನ್ನಡಿಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ದಿನವೂ ಆ ಬಂದರನ್ನು ನೋಡುವವರು ನೀವು. ಅಲ್ಲಿಂದಲೇ ಶುರು ಮಾಡುತ್ತೇನೆ.

'ತಟಸ್ಥ' ಎಂದರೆ ತಟದಲ್ಲಿ, ಅಂದರೆ ದಡದಲ್ಲಿ, ನಿಂತವನು. ಆ ದಡದಲ್ಲಿ ಬಂದರು ಇದ್ದರೆ ಯುದ್ಧ ತಾನಾಗಿ ಬಂದು ಲಂಗರು ಹಾಕುತ್ತದೆ. 1939ರಲ್ಲಿ ಯುದ್ಧ ಶುರುವಾದಾಗ ಹಿಂದೂ ಮಹಾಸಾಗರದಲ್ಲಿದ್ದ ಮೂರು ಜರ್ಮನ್ ಸರಕು ಹಡಗುಗಳು, ಎಹ್ರೆನ್‌ಫೆಲ್ಸ್, ಡ್ರಾಖೆನ್‌ಫೆಲ್ಸ್ ಮತ್ತು ಬ್ರೌನ್‌ಫೆಲ್ಸ್, ಬ್ರಿಟಿಷರ ಕೈಗೆ ಸಿಗಬಾರದೆಂದು ಮರ್ಮಗೋವಾ ಸೇರಿಕೊಂಡವು. ಆಮೇಲೆ ಇಟಲಿಯ ಆನ್ಫೋರಾ ಕೂಡ ಅವುಗಳ ಜೊತೆಯಾಯಿತು. ಇದರಲ್ಲಿ ಪೋರ್ಚುಗಲ್‌ನ ತಪ್ಪೇನೂ ಇರಲಿಲ್ಲ. ಸರಕು ಹಡಗಿಗೆ ಆಸರೆ ಕೊಡುವುದು ತಟಸ್ಥ ದೇಶದ ಹಕ್ಕು.

ಗಂಟು ಬಿದ್ದದ್ದು ರೇಡಿಯೊದಲ್ಲಿ. 1907ರ ಹೇಗ್ ಒಪ್ಪಂದದ ಪ್ರಕಾರ, ಕಾದಾಡುವ ದೇಶಗಳು ತಟಸ್ಥ ಬಂದರನ್ನು ದಾಳಿಯ ನೆಲೆ ಮಾಡಿಕೊಳ್ಳಬಾರದು, ಅಲ್ಲಿ ನಿಸ್ತಂತು ಕೇಂದ್ರ ಇಡಬಾರದು. ಎಹ್ರೆನ್‌ಫೆಲ್ಸ್‌ನಲ್ಲಿ ಬಚ್ಚಿಟ್ಟ ರೇಡಿಯೊದಿಂದ ಜರ್ಮನ್ ಜಲಾಂತರ್ಗಾಮಿಗಳಿಗೆ ಬ್ರಿಟಿಷ್ ಹಡಗುಗಳ ಸುಳಿವು ಹೋಗುತ್ತಿದೆ ಎಂದು ಬ್ರಿಟಿಷರಿಗೆ ಗುಮಾನಿ ಬಂತು. ಹಾಗೆಂದು ತಟಸ್ಥ ಬಂದರಿಗೆ ಸೈನ್ಯ ನುಗ್ಗಿಸಿದರೆ ನಿಯಮ ಮುರಿದವರು ತಾವೇ ಆಗುತ್ತಾರೆ. ಅದಕ್ಕೇ ಈ ಕೆಲಸಕ್ಕೆ ಕಲ್ಕತ್ತದ ಬ್ರಿಟಿಷ್ ವ್ಯಾಪಾರಸ್ಥರನ್ನು, ಕಚೇರಿ ಅಧಿಕಾರಿಗಳನ್ನು ಆರಿಸಿದರು. ಬಿಡುವಿನ ವೇಳೆಯಲ್ಲಿ ಕವಾಯತು ಮಾಡುವ 'ಕಲ್ಕತ್ತಾ ಲೈಟ್ ಹಾರ್ಸ್' ಎಂಬ ಸ್ವಯಂಸೇವಕ ದಳದವರು ಇವರು. ಹೂಳು ಸಾಗಿಸುವ 'ಫೀಬಿ' ಎಂಬ ಬಾರ್ಜ್ ಸಿಲೋನ್ ಸುತ್ತಿ ಪಶ್ಚಿಮ ಕರಾವಳಿಗೆ ಬಂತು. 1943ರ ಮಾರ್ಚ್ 9ರ ನಸುಕಿನಲ್ಲಿ ಅವರು ಎಹ್ರೆನ್‌ಫೆಲ್ಸ್ ಹತ್ತಿದರು. ಅದರ ಕಪ್ತಾನ ಸತ್ತ. ಹಡಗು ಶತ್ರುವಿನ ಪಾಲಾಗಬಾರದೆಂದು ನಾವಿಕರು ತಾವೇ ಬೆಂಕಿ ಹಚ್ಚಿ, ನೀರು ಬಿಟ್ಟರು. ಉಳಿದ ಮೂರು ಹಡಗುಗಳ ನಾವಿಕರೂ ಹಾಗೇ ಮಾಡಿದರು. ನಾಲ್ಕೂ ಹಡಗುಗಳು ಹೋದವು. ದಾಳಿಯ ನಿಜಸಂಗತಿ 1970ರ ದಶಕದವರೆಗೆ ಗುಟ್ಟಾಗಿಯೇ ಉಳಿಯಿತು.

ಇಷ್ಟಾದರೂ ಪೋರ್ಚುಗಲ್ ಯುದ್ಧಕ್ಕೆ ಇಳಿಯಲಿಲ್ಲ. ಇದೇ ಮಾರ್ಚ್ 9ರಂದು, ಆದರೆ 1916ರಲ್ಲಿ, ಏನಾಗಿತ್ತು ನೋಡಿ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್‌ಗೆ ಹಡಗುಗಳ ಕೊರತೆ. ಅದರ ಕೋರಿಕೆಯಂತೆ ಪೋರ್ಚುಗಲ್ ಫೆಬ್ರವರಿಯಲ್ಲಿ ತನ್ನ ಬಂದರುಗಳಲ್ಲಿ ನಿಂತಿದ್ದ ಜರ್ಮನ್ ಹಡಗುಗಳನ್ನು ವಶಪಡಿಸಿಕೊಂಡಿತು. ಜರ್ಮನಿ ಯುದ್ಧ ಸಾರಿತು. ಆದರೆ 1943ರ ಅಕ್ಟೋಬರ್‌ನಲ್ಲಿ, ಪೋರ್ಚುಗಲ್ ಜೊತೆಗಿನ 1373ರ ಹಳೆಯ ಒಪ್ಪಂದ ನೆನಪಿಸಿ ಬ್ರಿಟನ್ ಆ ದೇಶದ ಅಜೋರ್ಸ್ ದ್ವೀಪಗಳಲ್ಲಿ ನೆಲೆ ಪಡೆದಾಗ ಜರ್ಮನಿ ಯುದ್ಧ ಸಾರಲಿಲ್ಲ. ಸೋಲುತ್ತಿದ್ದ ಅದಕ್ಕೆ ಹೊಸ ವೈರಿ ಬೇಕಿರಲಿಲ್ಲ, ಪೋರ್ಚುಗಲ್‌ನ ಟಂಗ್‌ಸ್ಟನ್ ಅದಿರು ಬೇಕಿತ್ತು. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ: ತಟಸ್ಥ ದೇಶ ಏನು ಮಾಡಿತು ಎನ್ನುವುದಕ್ಕಿಂತ, ಅದನ್ನು ಕೆಣಕಿದರೆ ಲಾಭವೋ ನಷ್ಟವೋ ಎಂಬ ಬಲಾಢ್ಯರ ಲೆಕ್ಕವೇ ಹೆಚ್ಚಿನದನ್ನು ತೀರ್ಮಾನಿಸುತ್ತದೆ.

ವ್ಯಾಪಾರದ ದಾರಿಯಿಂದಲೂ ಯುದ್ಧ ಬರುತ್ತದೆ. ಅಮೆರಿಕ 1914ರಲ್ಲಿ ತಟಸ್ಥವಾಗಿತ್ತು. ಎರಡೂ ಕಡೆಗೆ ಮಾರಬಹುದಿತ್ತು. ಆದರೆ ಬ್ರಿಟಿಷ್ ನೌಕಾಪಡೆ ಜರ್ಮನಿಯ ದಾರಿ ಕಟ್ಟಿದ್ದರಿಂದ ಸರಕು, ಸಾಲ ಎಲ್ಲವೂ ಬಹುಪಾಲು ಒಂದೇ ಕಡೆ ಹರಿಯಿತು. 1915ರಲ್ಲಿ ಬ್ರಿಟಿಷ್ ಪ್ರಯಾಣಿಕರ ಹಡಗು ಲೂಸಿಟಾನಿಯಾವನ್ನು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿ ಸುಮಾರು 1,200 ಜನ ಸತ್ತಾಗಲೂ ಅಮೆರಿಕ ತಡೆದುಕೊಂಡಿತು. 1917ರ ಫೆಬ್ರವರಿಯಿಂದ ಜರ್ಮನಿ ತಟಸ್ಥರ ಹಡಗುಗಳನ್ನೂ ಬಿಡಲಿಲ್ಲ. ಏಪ್ರಿಲ್ 6ಕ್ಕೆ ಅಮೆರಿಕ ಯುದ್ಧ ಸಾರಿತು.

ನನಗೆ ಹೆಚ್ಚು ಸಂಕಟವಾಗುವುದು ಆಗ್ನೇಯ ಏಷ್ಯಾದ ಪೂರ್ವ ಟಿಮೋರ್ ಬಗ್ಗೆ. ಗೋವಾದಂತೆಯೇ ಪೋರ್ಚುಗೀಸ್ ವಸಾಹತು, ಅಷ್ಟೇ ತಟಸ್ಥ. ಜಪಾನೀಯರು ಬರುತ್ತಾರೆಂದು 1941ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾ ಮತ್ತು ಡಚ್ ಸೈನ್ಯ ಕೇಳದೆ ಇಳಿಯಿತು. ಫೆಬ್ರವರಿಯಲ್ಲಿ ಜಪಾನೀಯರು ಬಂದೇಬಿಟ್ಟರು. ಅಲ್ಲಿ ಸತ್ತ ಊರಿನವರೇ 40,000ಕ್ಕೂ ಹೆಚ್ಚು ಎಂಬ ಅಂದಾಜಿದೆ. ಯಾರೂ ಅವರನ್ನು ಕೇಳಿ ಯುದ್ಧ ಮಾಡಲಿಲ್ಲ. ಗೋವಾಕ್ಕೆ ಹಾಗಾಗದಿದ್ದುದಕ್ಕೆ ಮುಖ್ಯ ಕಾರಣ, ಅದು ಮೂರು ಕಡೆಯಿಂದ ಬ್ರಿಟಿಷ್ ಇಂಡಿಯಾದ ನಡುವೆ ಇದ್ದದ್ದು. ಬಂದರಿನಿಂದ ಹೊರಟ ರೈಲು ಕ್ಯಾಸಲ್‌ರಾಕ್ ದಾಟಿದರೆ ಬ್ರಿಟಿಷರ ಹಳಿ. ಬಾಗಿಲ ಕೀಲಿ ಅವರ ಹತ್ತಿರವಿತ್ತು.

ಹಾಗಾದರೆ ಆ ತಟಸ್ಥತೆ ಬರೀ ಸುಳ್ಳೇ ಎಂದು ನೀವು ಕೇಳಬಹುದು. ಹಡಗುಗಳು ಸುಟ್ಟ ಏಳು ತಿಂಗಳಿಗೆ, 1943ರ ಅಕ್ಟೋಬರ್‌ನಲ್ಲಿ, ಅದೇ ಮರ್ಮಗೋವಾಕ್ಕೆ ಎರಡು ಹಡಗುಗಳು ಬಂದವು. ಜಪಾನಿನ ತೇಯಾ ಮಾರು ತಂದದ್ದು ಪೂರ್ವ ಏಷ್ಯಾದಲ್ಲಿ ಸೆರೆಯಾಗಿದ್ದ ಅಮೆರಿಕ ಮತ್ತಿತರ ದೇಶಗಳ ನಾಗರಿಕರನ್ನು. ಸ್ವೀಡನ್ನಿನ ಗ್ರಿಪ್ಸ್‌ಹೋಮ್ ತಂದದ್ದು ಜಪಾನೀಯರನ್ನು. ಎರಡೂ ಕಡೆಯವರು ಒಪ್ಪಿ ಬರಬಹುದಾದ ದಡ ಅದಾಗಿತ್ತು. ಆ ಕಡೆಯವರು ಈ ಹಡಗಿಗೆ, ಈ ಕಡೆಯವರು ಆ ಹಡಗಿಗೆ ನಡೆದು ಹೋದರು, ಊರ ದಾರಿ ಹಿಡಿದರು.