ಮಿಷನ್ ಶಾಲೆಗಳಲ್ಲಿ ಆಟಕ್ಕೆ ಅಷ್ಟೊಂದು ಮಹತ್ವ ಯಾಕೆ?

ಪ್ರಶ್ನೆ: ಕ್ರೈಸ್ತ ಮಿಷನರಿಗಳು ಕಟ್ಟಿದ ಹೈಸ್ಕೂಲುಗಳಲ್ಲಿ ಓದಿನಷ್ಟೇ ಆಟಕ್ಕೂ ಒತ್ತು ಕೊಡುತ್ತಾರಲ್ಲ, ಇದು ಎಲ್ಲಿಂದ ಬಂತು?

ಬಂದದ್ದು ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ವಸತಿಶಾಲೆಗಳಿಂದ. ಮೈದಾನದಲ್ಲಿ ಬೆವರು ಹರಿಸಿದ ಹುಡುಗನಿಗೆ ಶಿಸ್ತು, ಧೈರ್ಯ ಬರುತ್ತದೆ, ಒಳ್ಳೆಯ ಕ್ರೈಸ್ತನಿಗೆ ಗಟ್ಟಿ ಮೈಯೂ ಬೇಕು ಎಂಬುದು ಅಲ್ಲಿನವರ ನಂಬಿಕೆ. ಅದು ನಮ್ಮ ನೆಲಕ್ಕೆ ಬಂದಾಗ ಏನಾಯಿತು ಎಂದು ತಿಳಿಯಬೇಕಾದರೆ ಶ್ರೀನಗರಕ್ಕೆ ಹೋಗಬೇಕು.

ಅಲ್ಲಿ 1880ರಲ್ಲಿ ಶುರುವಾದ ಮಿಷನ್ ಶಾಲೆಗೆ ಹತ್ತು ವರ್ಷದ ನಂತರ ಬಂದವರು ಪಾದ್ರಿ ಸೆಸಿಲ್ ಟಿಂಡೇಲ್ ಬಿಸ್ಕೋ. ಕೇಂಬ್ರಿಜ್‌ನಲ್ಲಿದ್ದಾಗ 1884ರಲ್ಲಿ ಆಕ್ಸ್‌ಫರ್ಡ್ ಎದುರಿನ ದೋಣಿ ಪಂದ್ಯದಲ್ಲಿ ಗೆದ್ದ ತಂಡದ ಚುಕ್ಕಾಣಿ ಹಿಡಿದಿದ್ದವರು. 1891ರಲ್ಲಿ ಅವರು ಶಾಲೆಗೆ ಒಂದು ಫುಟ್‌ಬಾಲ್ ತಂದರು. ಇದು ಯಾವುದರದ್ದು ಎಂದು ಹುಡುಗರು ಕೇಳಿದರು. ಚರ್ಮದ್ದು ಎಂದಾಗ ಎಲ್ಲರೂ ಹಿಂದೆ ಸರಿದರು. ಹೆಚ್ಚಿನವರು ಪಂಡಿತರ, ಅಂದರೆ ಕಾಶ್ಮೀರಿ ಬ್ರಾಹ್ಮಣರ ಮನೆಯ ಮಕ್ಕಳು, ಮುಟ್ಟಿದರೆ ಮೈಲಿಗೆ. ಮಡಿಯುಟ್ಟ ಅಜ್ಜಿಯ ಹತ್ತಿರ ಸುಳಿಯದೆ ಬೆಳೆದ ನಮ್ಮವರಿಗೆ ಆ ಗಾಬರಿಯನ್ನು ಬಿಡಿಸಿ ಹೇಳಬೇಕಿಲ್ಲ.

ಬಿಸ್ಕೋ ಬಿಡಲಿಲ್ಲ. ಕೋಲು ಹಿಡಿದ ಮೇಷ್ಟ್ರುಗಳನ್ನು ಸುತ್ತ ನಿಲ್ಲಿಸಿ, ಫೆರನ್ ಎಂಬ ಉದ್ದನೆಯ ಕಾಶ್ಮೀರಿ ನಿಲುವಂಗಿ ತೊಟ್ಟು ಮರದ ಹಾವುಗೆ ಮೆಟ್ಟಿದ್ದ ಹುಡುಗರನ್ನು ಮೈದಾನಕ್ಕೆ ಅಟ್ಟಿದರು. ಆಟದ ನಡುವೆ ಚೆಂಡು ಒಬ್ಬನ ಮುಖಕ್ಕೆ ಬಡಿಯಿತು. ಮೈಲಿಗೆಯಾಯಿತೆಂದು ಅವನು ಅಳತೊಡಗಿದ. ಉಳಿದವರೂ ದಿಕ್ಕು ತೋಚದೆ ನಿಂತರು. ಕಾಲುವೆಗೆ ಕರೆದೊಯ್ದು ಮುಖ ತೊಳೆಸಿ ಎಂದರು ಬಿಸ್ಕೋ. ತೊಳೆದದ್ದಾಯಿತು, ಆಟ ಮುಂದುವರಿಯಿತು.

ಈ ಬಲವಂತ ನನಗೆ ಒಪ್ಪಿಗೆಯಿಲ್ಲ. ಮಕ್ಕಳ ನಂಬಿಕೆಯನ್ನು ಕೋಲಿನಿಂದ ತಿದ್ದುವುದು ಆಳುವವರ ದರ್ಪವೇ. ಆದರೆ ಅದರ ಹಿಂದೆ ಬಿಸ್ಕೋ ಎದುರಿಸುತ್ತಿದ್ದ ಇನ್ನೊಂದು ದರ್ಪವೂ ಇತ್ತು: ಮೈಬಗ್ಗಿಸಿ ದುಡಿಯುವುದು ಕೀಳು, ದೋಣಿಗೆ ಹುಟ್ಟು ಹಾಕುವುದು ಅಂಬಿಗರ ಕೆಲಸ ಎಂಬುದು. ಅದಕ್ಕೇ ಫುಟ್‌ಬಾಲಿಗಿಂತ ದೋಣಿ ಮತ್ತು ಈಜೇ ಈ ಶಾಲೆಯ ನಿಜವಾದ ಪಾಠ ಎಂದು ನನಗನ್ನಿಸುತ್ತದೆ. ನಡುವೆ ಝೇಲಂ ಹರಿಯುವ, ಪಕ್ಕದಲ್ಲೇ ದಾಲ್ ಸರೋವರವಿರುವ ಊರಿನಲ್ಲಿ ಓದಿದ ಮನೆಯ ಹುಡುಗರಿಗೆ ಈಜು ಬರುತ್ತಿರಲಿಲ್ಲ! ಈಜು ಕಲಿಯದವನ ಫೀ ವಯಸ್ಸಿನೊಂದಿಗೆ ಏರುವಂತೆ ಬಿಸ್ಕೋ ನಿಯಮ ಮಾಡಿದರು. ಫೀ ಉಳಿಸಲು ಮನೆಯವರೇ ಮಕ್ಕಳನ್ನು ನೀರಿಗೆ ಕಳಿಸತೊಡಗಿದರು. ಮುಂದೆ ಇದೇ ಹುಡುಗರು ದಾಲ್ ಸರೋವರವನ್ನು ಅಡ್ಡ ಈಜಿದರು, ಮುಳುಗುತ್ತಿದ್ದವರನ್ನು ಎಳೆದು ತಂದರು, ಊರಿಗೆ ಬೆಂಕಿ ಬಿದ್ದಾಗ ನೀರು ಹೊತ್ತು ಓಡಿದರು. ಶಾಲೆಯ ಅಂಕಪಟ್ಟಿಯಲ್ಲಿ ಓದಿನ ಜೊತೆಗೆ ದೇಹಬಲಕ್ಕೂ ನಡತೆಗೂ ಅಂಕಗಳಿದ್ದವು.

ಮತಾಂತರಕ್ಕಾಗಿಯೇ ಇದೆಲ್ಲ ಅಲ್ಲವೇ ಎಂದು ಕೆಲವರು ಕೇಳುವುದುಂಟು. ಬಿಸ್ಕೋ ಧರ್ಮವನ್ನು ಮುಚ್ಚಿಡಲಿಲ್ಲ, ಬೈಬಲ್ ಪಾಠವೂ ಇತ್ತು. ಆದರೆ ಅಲ್ಲಿ ಕ್ರೈಸ್ತರಾದ ವಿದ್ಯಾರ್ಥಿಗಳು ತೀರಾ ವಿರಳ. ಬಿಸ್ಕೋ ಕಾಶ್ಮೀರ ಬಿಟ್ಟದ್ದು 1947ರಲ್ಲಿ. ಶಾಲೆ ಅವರ ಹೆಸರಿನಲ್ಲೇ ಇವತ್ತಿಗೂ ನಡೆಯುತ್ತಿದೆ, ಈಗ ಅಲ್ಲಿ ಓದುವವರಲ್ಲಿ ಮುಸ್ಲಿಂ ಮಕ್ಕಳೇ ಹೆಚ್ಚು. ಲಾಂಛನದಲ್ಲಿರುವುದು ಒಂದರ ಮೇಲೊಂದು ಅಡ್ಡ ಇಟ್ಟ ಎರಡು ಹುಟ್ಟುಗಳು, ಕಾಶ್ಮೀರಿ ಅಂಬಿಗರು ಬಳಸುವ, ಹೃದಯದಾಕಾರದ ಅಲಗಿರುವ ಅದೇ ಹುಟ್ಟುಗಳು.